ಟೈಂಪಾಸ್ ಅಂದೋರಿಗೆ ಒಂದು ಲೆಕ್ಕ

ಉಲ್ಲನ್ ಕಡ್ಡಿ ಹಿಡ್ಕೊಂಡು ಕೂತಿರೋ ಹೆಂಗಸನ್ನ ಕಂಡ ತಕ್ಷಣ ನಮ್ ಕಡೆ ಜನಕ್ಕೆ ಬಾಯಿಗೆ ಬರೋದು ಒಂದೇ ಮಾತು, "ಏನಮ್ಮಾ, ಟೈಂಪಾಸಾ?" ಮಗ್ಗದ ಮುಂದೆ ಕೂತಿದ್ರೂ ಅದೇ. ಕಾಯಿಲೆ ಬಿದ್ದ ನಾಯಿ ಪಕ್ಕ ಕೂತಿದ್ರೆ ಇನ್ನೊಂದು ಮಾತು, "ನಾಯಿಗ್ಯಾಕಮ್ಮ ಇಷ್ಟೆಲ್ಲಾ?" ಕೇಳೋಕೆ ಎರಡೂ ಬೇರೆ ಬೇರೆ. ನಾನು ಹೇಳ್ತೀನಿ ಅಕ್ಕಂದಿರಾ, ಎರಡೂ ಒಂದೇ. ಹೆಂಗಸಿನ ಹೊತ್ತಿಗೆ ಬೆಲೆ ಇಲ್ಲ, ಯಾರು ಬೇಕಾದ್ರೂ ಬಂದು ಬಿಂದಿಗೆ ಇಟ್ಟು ಹಿಡ್ಕೊಂಡು ಹೋಗಬಹುದು ಅನ್ನೋ ಭಾವನೆ. ನಮ್ಮೂರಲ್ಲಿ ನಲ್ಲಿ ನೀರಿಗಾದ್ರೂ ಸರದಿ ಐತೆ. ನಮ್ಮ ಹೊತ್ತಿಗೆ ಅದೂ ಇಲ್ಲ.

ಕೆಜಿಎಫ್ ಅಂದ್ರೆ ಗಂಟೆ ಲೆಕ್ಕದ ಊರು. 1880ರಲ್ಲಿ ಜಾನ್ ಟೇಲರ್ ಕಂಪನಿಯೋರು ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋ ತನಕ ಇಲ್ಲಿ ಗಂಡಸರ ದುಡಿಮೆ ಶಿಫ್ಟಿನ ಲೆಕ್ಕ. ಆದ್ರೆ ಬೆಳಗಿನ ಶಿಫ್ಟಿಗೆ ಹೋಗೋನಿಗಿಂತ ಮುಂಚೆ ಎದ್ದು, ಒಲೆ ಹಚ್ಚಿ, ಬುತ್ತಿ ಕಟ್ಟಿದೋಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿತ್ತು ಹೇಳಿ? ಗಣಿ ಮುಚ್ಚಿದ ಮೇಲೆ ನಮ್ಮ ಹೆಣ್ಮಕ್ಕಳೂ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯೋಕೆ ಹೊರಟ್ರು. ರಾತ್ರಿ ಮನೆಗೆ ಬಂದು ಚಪ್ಪಲಿ ಬಿಟ್ಟು ನೇರ ಒಲೆ ಮುಂದೆ ನಿಲ್ತಾರೆ. ಊರಿನ ದುಡಿಮೆ ಬದಲಾಯ್ತು, ಒಲೆ ಮುಂದಿನ ಲೆಕ್ಕ ಬದಲಾಗ್ಲಿಲ್ಲ.

ಇದು ನಾನು ಕಟ್ಟಿ ಹೇಳೋ ಮಾತಲ್ಲ. ಜನ ದಿನದ ಹೊತ್ತನ್ನ ಯಾವುದಕ್ಕೆ ಕಳೀತಾರೆ ಅಂತ ಸರ್ಕಾರದೋರೇ 2024ರಲ್ಲಿ ದೇಶದ ಮೇಲೆಲ್ಲಾ ಸಮೀಕ್ಷೆ ಮಾಡಿದ್ರು. ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಮಾಡೋ ಗಂಡಸರು 88 ನಿಮಿಷ. "ಮಾಡೋ" ಗಂಡಸರು ಅನ್ನೋದು ನೆನಪಿರಲಿ. ಸೌಟೂ ಮುಟ್ಟದೋರು ಆ 88ರ ಲೆಕ್ಕಕ್ಕೇ ಬಂದಿಲ್ಲ. ಅದಕ್ಕಿಂತ ನನಗೆ ಖುಷಿ ಕೊಟ್ಟಿದ್ದು ಇನ್ನೊಂದು. ಆ ಸಮೀಕ್ಷೆಗೆ ಬಳಸೋ ಕೆಲಸಗಳ ಪಟ್ಟಿಯಲ್ಲಿ ಸಾಕುಪ್ರಾಣಿ ನೋಡ್ಕೊಳ್ಳೋದು ಅಡುಗೆ, ಪಾತ್ರೆ, ಕಸದ ಜೊತೆಗೆ ಮನೆಗೆಲಸ ಅಂತಲೇ ಬರ್ತದೆ. ಮನೆಯೋರಿಗೆ ಬಟ್ಟೆಬರೆ ತಯಾರಿಸೋದಂತೂ, ಮನೆ ಊಟಕ್ಕೆ ರಾಗಿ ಬೆಳೆಯೋ ಕೆಲಸದ ಜೊತೆಗೆ, ಉತ್ಪಾದನೆ ಅನ್ನೋ ಗುಂಪಿನಲ್ಲಿ ಬರ್ತದೆ. ಅಂದ್ರೆ ಸರ್ಕಾರದ ಪಟ್ಟಿಗೆ ಗೊತ್ತಾಗಿರೋದು ನಮ್ಮನೆ ಜಗಲಿ ಮೇಲೆ ಕೂತು ಪೇಪರ್ ಓದೋರಿಗೆ ಇನ್ನೂ ಗೊತ್ತಾಗಿಲ್ಲ.

ನೇಯ್ಗೆಯಲ್ಲೂ ಹಿಂಗೇ. ನಮ್ಮ ಕೋಲಾರ ಸೀಮೆ ಕಂಬಳಿಗೆ ಹಳೇ ಹೆಸರು. ಕುರುಬರ ಮನೆಗಳಲ್ಲಿ ಉಣ್ಣೆ ಬಿಡಿಸಿ ನೂಲು ತೆಗೆಯೋಳು ಹೆಂಗಸು. ಗುಂಡಿ ಮಗ್ಗದಲ್ಲಿ ಕೂತು ನೇಯೋನು ಗಂಡಸು. ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡೋ ಕೆಲಸಕ್ಕೆ ಮನೆಯೋರೆಲ್ಲ ಕೈ ಹಾಕಬೇಕು. ಕಂಬಳಿ ಸಂತೆಗೆ ಹೋದಾಗ "ಯಾರು ನೇಯ್ದಿದ್ದು" ಅಂತ ಕೇಳ್ತಾರೆ, "ಯಾರು ನೂತಿದ್ದು" ಅಂತ ಕೇಳೋರಿಲ್ಲ. 2019-20ರ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ದಾರೆ, ಅದರಲ್ಲಿ 25 ಲಕ್ಷಕ್ಕೂ ಹೆಚ್ಚು ಹೆಂಗಸರು. ಆದ್ರೂ ಆಗಸ್ಟ್ 7ರ ಕೈಮಗ್ಗ ದಿನಕ್ಕೆ ವೇದಿಕೆ ಮೇಲೆ ಶಾಲು ಹಾಕಿಸ್ಕೊಳ್ಳೋರು ಯಾರು ಅಂತ ಒಂದ್ಸಲ ನೋಡಿ.

ಹೆಣಿಗೆ ಯಾಕೆ ನಮ್ಮ ಕೈಗೆ ಹಿಂಗೆ ಅಂಟ್ಕೊಂಡಿದೆ ಗೊತ್ತಾ? ಅದನ್ನ ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು. ಕುಕ್ಕರ್ ಕೂಗ್ತು ಅಂದ್ರೆ ಸಾಲು ಮುಗಿಸಿ ಕಡ್ಡಿ ಇಟ್ಟು ಎದ್ದು ಹೋದ್ರಾಯ್ತು. ಮಗ್ಗ ಹಂಗಲ್ಲ. ಬಡಗಿ ಹತ್ರ ಮಾಡಿಸಿರೋ ನನ್ನ ಚಿಕ್ಕ ಮಗ್ಗಕ್ಕೂ ಹಾಸು ಏರಿಸೋ ದಿನ ಎಳೆ ಎಣಿಸಬೇಕು, ಒಂದೊಂದೇ ಎಳೆ ಹಣಿಗೆಯಲ್ಲಿ ದಾಟಿಸಬೇಕು. ನಡುವೆ ಒಬ್ರು ಕಾಫಿ ಕೇಳಿದ್ರೆ ಎಣಿಕೆ ಮೊದಲಿಂದ. ಲಾಳಿ ಆಡೋಕೂ ಒಂದು ಹದ ಬೇಕು. ಎದ್ದು ಎದ್ದು ಕೂತ್ರೆ ಅಂಚು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಮಗ್ಗಕ್ಕೆ ಇಡೀ ಹೊತ್ತು ಬೇಕು, ಹೆಣಿಗೆಗೆ ಚೂರು ಹೊತ್ತು ಸಾಕು. ನಮಗೆ ಸಿಗೋದು ಚೂರೇ, ಎಲ್ಲರಿಗೂ ಬಟ್ಟೆ ಕತ್ತರಿಸಿ ಕೊಟ್ಟ ಮೇಲೆ ಉಳಿಯೋ ಚಿಂದಿ ಥರ. ಚಿಂದಿಯಲ್ಲೂ ಕೌದಿ ಹೊಲಿದೋರು ನಾವು, ಅದು ನಮ್ಮ ಜಾಣತನ. ಆ ಜಾಣತನ ನೋಡಿ "ಇವಳಿಗೆ ಚಿಂದಿಯೇ ಸಾಕು" ಅಂದ್ಕೊಂಡ್ರೆ ಅದು ಅನ್ಯಾಯ.

ಇನ್ನು "ಎಲ್ಲಾ ಬ್ಯಾಲೆನ್ಸ್ ಮಾಡ್ಕೊಂಡು ಹೋಗಮ್ಮಾ" ಅನ್ನೋ ಉಪದೇಶ. ತಕ್ಕಡಿಗೆ ಎರಡು ತಟ್ಟೆ ಇರ್ತವೆ ತಾನೇ? ಕಲ್ಲೆಲ್ಲಾ ಒಂದೇ ತಟ್ಟೆಗೆ ಹಾಕಿ, ಸಮ ಮಾಡು ಅಂತ ನನಗೇ ಹೇಳಿದ್ರೆ ನಾನೇನು ಮಂತ್ರ ಹಾಕ್ಲಾ?

ನಮ್ಮ ಕರಿಯನಿಗೆ ಈಗ 13 ವರ್ಷ. ಮೂತ್ರಪಿಂಡ ಸೋತಿದೆ ಅಂತ ಡಾಕ್ಟ್ರು ಹೇಳಿ ಆರು ತಿಂಗಳಾಯ್ತು. ಈ ಕಾಯಿಲೆಯಲ್ಲಿ ನಾಯಿ ನೀರು ಜಾಸ್ತಿ ಕುಡೀತದೆ, ಉಚ್ಚೆ ಜಾಸ್ತಿ ಹೊಯ್ತದೆ, ಊಟಕ್ಕೆ ಮುಖ ತಿರುಗಿಸ್ತದೆ. ರಾತ್ರಿ ಎರಡು ಸಲ ಎದ್ದು ಹೊರಗೆ ಬಿಡಬೇಕು. ಅನ್ನದಲ್ಲಿ ಮಾತ್ರೆ ಬಚ್ಚಿಟ್ರೆ ಅನ್ನ ತಿಂದು ಮಾತ್ರೆ ಉಗೀತಾನೆ. ಹಳೇ ಸೀರೆ ಪಟ್ಟಿ ಪಟ್ಟಿ ಹರಿದು ಮಗ್ಗದಲ್ಲಿ ಅವನಿಗೆ ಮೂರು ಚಾಪೆ ನೇಯ್ದಿದ್ದೀನಿ. ಒಂದು ಮೈಕೆಳಗೆ, ಒಂದು ಬಕೆಟ್ಟಲ್ಲಿ, ಒಂದು ತಂತಿ ಮೇಲೆ. ಇದನ್ನ ನೋಡಿದ ನೆಂಟರೊಬ್ರು, "ಸೈನೈಡ್ ದಿಬ್ಬದ ಕಡೆ ಬಿಟ್ಟು ಬನ್ನಿ, ಅದರ ಪಾಡಿಗೆ ಅದು ಹೋಗ್ತದೆ" ಅಂದ್ರು. ಸಾಕಿದ ಪ್ರಾಣಿಯನ್ನ ಹಸಿವು ಬಾಯಾರಿಕೆಯಲ್ಲಿ ನರಳೋ ಹಂಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಇರಲಿ, ನ್ಯಾಯ ಹೇಳಿ. ಅವನು 13 ವರ್ಷ ಬಾಗಿಲು ಕಾದಿದ್ದು ಇಡೀ ಮನೆಗೆ. ಈಗ ಅವನನ್ನ ಕಾಯೋಕೆ ನಾನೊಬ್ಬಳೇ ಯಾಕೆ?

"ಮನುಷ್ಯರಿಗೇ ಔಷಧಿಗೆ ಗತಿಯಿಲ್ಲ, ನಾಯಿಗೆ ಖರ್ಚಾ?" ಅಂತೀರ. ಸರಿ, ಕರಿಯನ ಮಾತ್ರೆ ನಿಲ್ಲಿಸಿದ್ರೆ ಆ ದುಡ್ಡು ಯಾವ ಬಡವರ ಮನೆಗೆ ಹೋಗ್ತದೆ ತೋರಿಸಿ. ಅತ್ತೆ ಹಾಸಿಗೆ ಹಿಡಿದಾಗ ಎದ್ದ ಕೈಯೇ ಇವತ್ತು ನಾಯಿಗೂ ಏಳೋದು. ಆರೈಕೆ ಅನ್ನೋದು ಅಕ್ಕಿ ಡಬ್ಬ ಅಲ್ಲ, ಒಬ್ಬರಿಗೆ ಅಳೆದ್ರೆ ಇನ್ನೊಬ್ಬರಿಗೆ ಕಮ್ಮಿಯಾಗೋಕೆ. ಆದ್ರೆ ಅಳೆಯೋಳ ಕೈ ಮಾತ್ರ ಸೋಲ್ತದೆ.

"ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಲ್ಲಿ ಉಲ್ಲನ್ ದುಡ್ಡಿಗಿಂತ ಕಮ್ಮಿಗೆ ಸ್ವೆಟರೇ ಸಿಗ್ತದೆ" ಅಂತೀರ. ನಿಜ, ಸಿಗ್ತದೆ. ಹಂಗಾದ್ರೆ ಅಲ್ಲೇ ತಗೊಳ್ಳಿ. ಮದುವೆ, ಬಾಣಂತನ ಬಂದಾಗ "ಉಲ್ಲನ್ ನಾನೇ ತಂದ್ಕೊಡ್ತೀನಿ, ನೀನು ಹಾಕ್ಕೊಡು, ಹೆಂಗೂ ಮನೇಲಿರ್ತೀಯಲ್ಲ" ಅಂತ ನನ್ನ ಹತ್ರ ಬರಬೇಡಿ. ದೊಡ್ಡವರ ಸ್ವೆಟರ್ ಒಂದಕ್ಕೆ ನನ್ನ ಕೈಗೆ 40 ಗಂಟೆ ಬೇಕು. ಗಣಿ ಲೆಕ್ಕದಲ್ಲಿ ಅದು ಎಂಟು ಗಂಟೆಯ ಐದು ಶಿಫ್ಟು. ಐದು ಶಿಫ್ಟು ಯಾರಾದ್ರೂ ಪುಕ್ಕಟೆ ಇಳಿದಿದ್ರಾ? ಪ್ರೀತಿಯಿಂದ ಕೊಡೋದು ಬೇರೆ. ಅದು ಕೊಡೋಳ ಇಷ್ಟ, ಕೇಳೋರ ಹಕ್ಕಲ್ಲ.

ಇನ್ನು ಇದು ತಲೆ ಬೇಡದ ಕೆಲಸ ಅನ್ನೋರಿಗೆ ಒಂದು ಪರೀಕ್ಷೆ. ನಾಯಿ ಇರೋ ಮನೇಲಿ ಹೆಣಿಗೆ ಬುಟ್ಟಿಗೆ ಮುಚ್ಚಳ ಯಾಕಿರಬೇಕು? ನುಂಗಿದ ದಾರ ಕರುಳನ್ನ ಎಳೆದು ಕೊಯ್ಯಬಹುದು, ಪ್ರಾಣಕ್ಕೇ ಬರ್ತದೆ. ಬಾಯಲ್ಲೋ ಹಿಂದುಗಡೆಯೋ ದಾರದ ತುದಿ ಕಂಡ್ರೆ ಎಳೀಬಾರದು, ಡಾಕ್ಟ್ರ ಹತ್ರ ಓಡಬೇಕು. ನಮ್ಮ ಜ್ವರದ ಪ್ಯಾರಾಸಿಟಮಾಲ್ ನಾಯಿಗೆ ವಿಷ ಆಗಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನ ಆಗದು. ಮನೇಲಿ ಇದನ್ನೆಲ್ಲಾ ತಲೇಲಿ ಇಟ್ಕೊಂಡಿರೋದು ಯಾರು? ಟೈಂಪಾಸ್ ಮಾಡೋಳೇ ತಾನೇ?

ಅದಕ್ಕೇ ನಮ್ಮನೇಲಿ ಈಗ ನಾನು ಬಾಯಿ ಬಿಟ್ಟು ಹೇಳಿದ್ದೀನಿ. ಮಧ್ಯಾಹ್ನ ಎರಡರಿಂದ ನಾಲ್ಕು ಮಗ್ಗದ ಹೊತ್ತು, ಆವಾಗ ಕಾಫಿ ಕೇಳೋ ಹಂಗಿಲ್ಲ. ರಾತ್ರಿ ಮೊದಲ ಸಲ ಕರಿಯನ್ನ ಬಿಡೋದು ಯಜಮಾನ್ರು, ಎರಡನೇ ಸಲ ನಾನು. ಭಾನುವಾರದ ಚಾಪೆ ಮಗ ಒಗೀಬೇಕು. ಮೊದಲ ವಾರ ಎಲ್ಲರೂ ಮುಖ ಊದಿಸ್ಕೊಂಡ್ರು. ಆಕಾಶವೇನೂ ಬೀಳ್ಲಿಲ್ಲ, ಕಾಫಿ ಮಾಡೋದು ಎಲ್ಲರಿಗೂ ಬರ್ತದೆ ಅಂತ ಗೊತ್ತಾಯ್ತು ಅಷ್ಟೇ.

ನಿಮ್ಮನೇಲಿ ಮಗ್ಗ ಇಲ್ಲದಿರಬಹುದು, ನಾಯಿ ಇಲ್ಲದಿರಬಹುದು. ಹಪ್ಪಳ, ಹೂವು ಕಟ್ಟೋದು, ರವಿಕೆ ಹೊಲಿಯೋದು ಏನೋ ಒಂದು ಇರ್ತದೆ, ಕಾಯಿಲೆಯೋರೂ ಒಬ್ರು ಇರ್ತಾರೆ. ಅದಕ್ಕೆ ಎಷ್ಟು ಗಂಟೆ ಹೋಗ್ತದೆ ಅಂತ ಒಂದು ವಾರ ಕ್ಯಾಲೆಂಡರ್ ಹಿಂದೆ ಬರೆದಿಡಿ. ಮುಂದಿನ ಸಲ ಯಾರಾದ್ರೂ "ಟೈಂಪಾಸಾ" ಅಂದ್ರೆ ಜಗಳ ಬೇಡ, ಕ್ಯಾಲೆಂಡರ್ ತಿರುಗಿಸಿ ತೋರಿಸಿ. ಆಮೇಲೆ ಅವರ ಹೊತ್ತು ಯಾವುದಕ್ಕೆ ಪಾಸಾಯ್ತು ಅಂತ ಕೇಳಿ.