ಕಾಲೇಜಿನ ರೇಡಿಯೋ: ಕೇಳಿದರೆ ಸಾಲದು, ಮಾತಾಡಬೇಕು



ಮುಳವಾಡ ಏತ ನೀರಾವರಿ ಯೋಜನೆಯಿಂದ ಆಲಮಟ್ಟಿಯ ಹಿನ್ನೀರು ನಮ್ಮ ಎರೆಭೂಮಿಗೆ ಬಂದಿದೆ. ಹಿಂಗಾರಿ ಬಿಳಿಜೋಳ, ಕಡಲೆಗಳನ್ನೇ ನೆಚ್ಚಿದ್ದ ರೈತನಿಗೆ ಇದು ಭಾಗ್ಯವೇ ಸರಿ. ಆದರೆ ಎರೆಭೂಮಿಗೆ ಅಳತೆ ಮೀರಿ ನೀರುಣಿಸಿ, ಬಸಿಗಾಲುವೆ ತೆಗೆಯದಿದ್ದರೆ ಹೊಲ ಸವಳಾಗುತ್ತದೆ. ಸವಳಾದ ಹೊಲವನ್ನು ಮತ್ತೆ ಸುಧಾರಿಸುವುದು ಬಹಳ ಖರ್ಚಿನ ಕೆಲಸ. ಆದ್ದರಿಂದ ಈ ಎಚ್ಚರಿಕೆಯ ಮಾತು ಕೆಡುವ ಮೊದಲೇ ಕಿವಿಗೆ ಬೀಳಬೇಕು. ಇದನ್ನು ನಮ್ಮ ಮಣ್ಣು ಬಲ್ಲವರು, ನಮ್ಮ ಮಾತಿನಲ್ಲಿಯೇ ಹೇಳಬೇಕು.

ಧಾರವಾಡ ಆಕಾಶವಾಣಿ 1950ರಿಂದ ರೈತರಿಗೆ ಸಲ್ಲಿಸಿದ ಸೇವೆ ದೊಡ್ಡದು. ಆದರೆ ಹಲವು ಜಿಲ್ಲೆಗಳಿಗೆ ಮಾತಾಡುವ ಕೇಂದ್ರ ಒಂದೊಂದು ಹೋಬಳಿಯ ಹೊಲದ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಆ ಕೊರತೆಯನ್ನು ತುಂಬಲು ಕಾಲೇಜುಗಳ ಸಮುದಾಯ ರೇಡಿಯೋ ತಕ್ಕ ಸಾಧನ.

ಬಾನುಲಿ ತರಂಗಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳು ಸ್ವಂತ ರೇಡಿಯೋ ನಡೆಸಲು ಕೇಂದ್ರ ಸರಕಾರ ದಾರಿ ತೆರೆಯಿತು. 2006ರ ನೀತಿಯಲ್ಲಿ ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳಿಗೂ ಅವಕಾಶ ದೊರೆಯಿತು. ಮರುವರ್ಷವೇ ಧಾರವಾಡದ ಕೃಷಿ ವಿಶ್ವವಿದ್ಯಾಲಯವು 90.4ರಲ್ಲಿ ಕೃಷಿ ಸಮುದಾಯ ರೇಡಿಯೋ ಆರಂಭಿಸಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಆರಂಭಿಸಿದ ‘ಸಾರಂಗ್’ ಇನ್ನೊಂದು ಉದಾಹರಣೆ.

ಇಂಥ ಕೇಂದ್ರದ ಶಕ್ತಿ ಸಾಮಾನ್ಯವಾಗಿ ನೂರು ವ್ಯಾಟ್ ಮಾತ್ರ. ಅದರ ದನಿ ಹತ್ತಾರು ಕಿಲೋಮೀಟರಿನಾಚೆ ಹೋಗದು. ಹೀಗಾಗಿ ಧಾರವಾಡದ ಈ ದನಿ ಮುಳವಾಡಕ್ಕೆ ಮುಟ್ಟುವುದಿಲ್ಲ. ಆದರೆ ದನಿ ದೂರ ಹೋಗದಿರುವುದೇ ಅದರ ಗುಣ. ಹತ್ತೂರಿಗೆ ಮಾತಾಡುವ ಕೇಂದ್ರ ಆ ಹತ್ತೂರಿನ ಮಳೆ, ಕೀಡೆ, ಪೇಟೆ ಧಾರಣೆಗಳ ಬಗೆಗೇ ಮಾತಾಡಬಲ್ಲದು.

‘ಕೈಯಲ್ಲಿ ಮೊಬೈಲ್ ಇರುವಾಗ ರೇಡಿಯೋ ಏತಕ್ಕೆ?’ ಎಂದು ತಾವು ಕೇಳಬಹುದು. ಮೊಬೈಲಿನಲ್ಲಿ ಸಲಹೆಗೆ ಬರವಿಲ್ಲ, ನಿಜ. ಆದರೆ ಹೇಳುವವನು ಯಾವ ಸೀಮೆಯವನು, ಅವನ ಮಣ್ಣು ಕೆಂಪೋ ಕಪ್ಪೋ, ಅವನು ಔಷಧ ಮಾರುವವನೋ ಎಂಬುದು ಎಷ್ಟೋ ಸಲ ತಿಳಿಯುವುದಿಲ್ಲ. ಊರ ಸಮೀಪದ ಕೇಂದ್ರ ತಪ್ಪು ಹೇಳಿದರೆ, ನಾಳೆ ಹೋಗಿ ಕೇಳಬಹುದು.

ಆದ್ದರಿಂದ ನನ್ನ ವಿನಂತಿ ಇಷ್ಟು. ಪರ ಊರಿಗೆ ಹೋದಾಗ ರೇಡಿಯೋದ ಮುಳ್ಳನ್ನು 90.4, 90.8, 91.2, 107.8ರ ಬಳಿ ನಿಧಾನವಾಗಿ ತಿರುಗಿಸಿರಿ. ಅಲ್ಲಿಯ ಸಮುದಾಯ ಕೇಂದ್ರ ಸಿಕ್ಕರೆ ಕೇಳಿ ನೋಡಿರಿ. ತಮ್ಮ ಭಾಗದಲ್ಲಿ ಕೇಂದ್ರ ಬೇಕೆನಿಸಿದರೆ ಸಮೀಪದ ಕಾಲೇಜಿಗೂ ಕೃಷಿ ವಿಜ್ಞಾನ ಕೇಂದ್ರಕ್ಕೂ ಊರವರೆಲ್ಲ ಕೂಡಿ ಬೇಡಿಕೆ ಸಲ್ಲಿಸಿರಿ. ಕೇಂದ್ರ ಇದ್ದಲ್ಲಿ, ಕೇಳಿ ಸುಮ್ಮನಿರಬೇಡಿರಿ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕೆಂದು 2006ರ ನೀತಿಯೇ ಹೇಳಿದೆ. ತೊಗರಿಗೆ ಗೊಡ್ಡು ರೋಗ ಬಿದ್ದಾಗ ಏನು ಮಾಡಿದಿರಿ, ಯಾವ ಹೊಲ ಹೇಗೆ ಸವಳಾಯಿತು ಎಂಬುದನ್ನು ಹೇಳಿರಿ. ಕೈ ಸುಟ್ಟುಕೊಂಡದ್ದನ್ನೂ ಮರೆಮಾಚಬೇಡಿರಿ. ಮನೆಯ ಹೆಣ್ಣುಮಕ್ಕಳೂ ಬೀಜ ಕಾಯ್ದಿಡುವ ಅನುಭವವನ್ನು ಹೇಳಲಿ.

ಹನಿಗೂಡಿದರೆ ಹಳ್ಳ. ಯಂತ್ರವನ್ನು ಕಾಲೇಜು ಕೂಡಿಸೀತು. ಅದರಲ್ಲಿ ಆಡುವ ಮಾತು ಮಾತ್ರ ತಮ್ಮ ಹೊಲದಿಂದಲೇ ಬರಬೇಕು.