ತೆಳ್ಳಗಿದ್ದರೆ ಸಾಲದು, ಲಿವರ್ ತಪಾಸಣೆಯೂ ಬೇಕು

ಲಿವರ್‌ನಲ್ಲಿ ಕೊಬ್ಬು ಸೇರುವುದು ದಪ್ಪಗಿರುವವರ, ಉಳ್ಳವರ ಕಾಯಿಲೆ ಎಂಬ ಮಾತು ನಮ್ಮವರಲ್ಲಿ ಇಂದಿಗೂ ಇದೆ. ಅದು ಪೂರ್ತಿ ನಿಜವಲ್ಲವೆಂದು ತೋರಿಸಿಕೊಟ್ಟವರಲ್ಲಿ ಇದೇ ಕೋಲ್ಕತ್ತದ ಎಸ್‌ಎಸ್‌ಕೆಎಂ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ ಉದರರೋಗ ತಜ್ಞ ಡಾ. ಅಭಿಜಿತ್ ಚೌಧುರಿ ಪ್ರಮುಖರು.

ಅವರೂ ಸಂಗಡಿಗರೂ ಪಶ್ಚಿಮ ಬಂಗಾಳದ ಹಳ್ಳಿಗಾಡಿನ 1911 ಮಂದಿಯನ್ನು ತಪಾಸಣೆ ಮಾಡಿ, 2010ರಲ್ಲಿ 'ಹೆಪಟಾಲಜಿ' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಶೇ. 8.7 ಮಂದಿಗೆ ಮದ್ಯದ ಕಾರಣವಿಲ್ಲದೆಯೇ ಲಿವರ್‌ನಲ್ಲಿ ಕೊಬ್ಬು ಸೇರಿತ್ತು. ಅವರ ಪೈಕಿ ಶೇ. 54 ಮಂದಿಗೆ ಅಧಿಕ ತೂಕವೂ ಇರಲಿಲ್ಲ, ಹೊಟ್ಟೆಯ ಬೊಜ್ಜೂ ಇರಲಿಲ್ಲ.

ಡಾ. ಚೌಧುರಿಯವರ ಸಂಶೋಧನೆ ಲಿವರ್‌ಗಷ್ಟೇ ಸೀಮಿತವಲ್ಲ. ಬೀರ್‌ಭೂಮ್ ಜಿಲ್ಲೆಯಲ್ಲಿ ಪದವಿಯಿಲ್ಲದೆ ಚಿಕಿತ್ಸೆ ನೀಡುತ್ತಿದ್ದ ಹಳ್ಳಿ ವೈದ್ಯರಿಗೆ ಒಂಬತ್ತು ತಿಂಗಳ ತರಬೇತಿ ಕೊಟ್ಟು, ಅದರ ಫಲವನ್ನು ಅಳೆದ ಅಧ್ಯಯನ 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಅದರ ಸಹಲೇಖಕರು. ಚಿಕಿತ್ಸೆಯ ಗುಣಮಟ್ಟ ಸುಧಾರಿಸಿತು. ಆದರೆ ಬೇಡದ ಔಷಧ ಕೊಡುವ ಚಾಳಿ ತಗ್ಗಲಿಲ್ಲ. ಎರಡನ್ನೂ ಮುಚ್ಚಿಡದೆ ಬರೆದದ್ದು ಶ್ಲಾಘನೀಯ.

ಕೌಂಟರಿನಲ್ಲೋ ಕಚೇರಿಯಲ್ಲೋ ದಿನವಿಡೀ ಕೂತು ದುಡಿಯುವ ಕನ್ನಡ ಬಾಂಧವರು ಇದರಿಂದ ಕಲಿಯಬೇಕಾದದ್ದಿದೆ. ಈ ರೋಗ ಆರಂಭದಲ್ಲಿ ನೋವು ಕೊಡುವುದು ಅಪರೂಪ. ಗಮನಿಸದ ಸಾಲದ ಬಡ್ಡಿಯಂತೆ ಸದ್ದಿಲ್ಲದೆ ಬೆಳೆಯುತ್ತದೆ. ಯುಗಾದಿ, ರಾಜ್ಯೋತ್ಸವಗಳನ್ನು ಅಚ್ಚುಕಟ್ಟಾಗಿ ನಡೆಸುವ ಸಂಘಗಳು ವರ್ಷಕ್ಕೊಂದು ದಿನವನ್ನು ಸಕ್ಕರೆ, ಕೊಲೆಸ್ಟ್ರಾಲ್, ಲಿವರ್ ತಪಾಸಣೆಗೆ ಮೀಸಲಿಡಲಿ. ತೆಳ್ಳಗಿರುವ ಸದಸ್ಯರೂ ತಪ್ಪದೆ ಸಾಲಿನಲ್ಲಿ ನಿಲ್ಲಲಿ.