ಮೊಳಕೆಗೆ ಕಟ್ಟಿದ ಬೆಲೆ

ಬೆಳೆಯ ಸಿರಿಯನ್ನು ಮೊಳಕೆಯಲ್ಲಿ ನೋಡು ಎಂಬ ಗಾದೆ ಶಿಕ್ಷಕರಿಗೂ ತಂದೆತಾಯಿಗಳಿಗೂ ಪ್ರಿಯವಾದುದು. ಆದರೆ ಮೊಳಕೆಯನ್ನು ಕಂಡೊಡನೆಯೇ ಅದಕ್ಕೆ ಬೆಲೆ ಕಟ್ಟಿ, ಆ ಬೆಲೆಯನ್ನು ಊರಿಗೆಲ್ಲ ಸಾರಿ, ಫಲ ಬಾರದಿದ್ದಾಗ ಮೊಳಕೆಯನ್ನೇ ಹಳಿಯುವುದು ಎಷ್ಟರಮಟ್ಟಿಗೆ ನ್ಯಾಯ? ಈ ಪ್ರಶ್ನೆಯನ್ನು ಅಂಕಿ-ಅಂಶಗಳೊಡನೆ ಪರಿಶೀಲಿಸಲು ಅಮೆರಿಕದ ಬೇಸ್‌ಬಾಲ್ ಕ್ರೀಡೆಯಷ್ಟು ಅನುಕೂಲವಾದ ಕ್ಷೇತ್ರ ವಿರಳ. ಅಲ್ಲಿ ಹದಿನೆಂಟರ ತರುಣನಿಗೆ ಕ್ರಮಾಂಕವೂ ಬೆಲೆಯೂ ಬಹಿರಂಗವಾಗಿಯೇ ನಿಗದಿಯಾಗುತ್ತವೆ. ಅವನ ಮುಂದಿನ ಒಂದೊಂದು ಎಸೆತವೂ ಲೆಕ್ಕದ ಪುಸ್ತಕವನ್ನು ಸೇರುತ್ತದೆ.

1965ರಿಂದ ಅಲ್ಲಿ 'ಡ್ರಾಫ್ಟ್' ಎಂಬ ಪದ್ಧತಿ ನಡೆದುಬಂದಿದೆ. ವರ್ಷಕ್ಕೊಮ್ಮೆ ದೊಡ್ಡ ಕ್ಲಬ್ಬುಗಳು ಸರದಿಯ ಪ್ರಕಾರ ಶಾಲೆ-ಕಾಲೇಜುಗಳ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಸೋತು ಕೆಳಗುಳಿದ ತಂಡಗಳಿಗೆ ಮೊದಲ ಅವಕಾಶವೆಂಬುದು ಅದರ ಮೂಲ ನಿಯಮ. 2023ರಿಂದ ಮೊದಲ ಕೆಲವು ಸ್ಥಾನಗಳನ್ನು ಲಾಟರಿಯಿಂದ ನಿರ್ಧರಿಸಲಾಗುತ್ತಿದೆ. ಹೀಗೆ ಆಯ್ಕೆಯಾಗುವವರಲ್ಲಿ ಎಲ್ಲರ ಕಣ್ಣು ಬೀಳುವುದು ಪಿಚರನ ಮೇಲೆ, ಅಂದರೆ ಚೆಂಡೆಸೆಯುವವನ ಮೇಲೆ. ಕ್ರಿಕೆಟ್ಟಿನ ಬೌಲರನಂತೆ ಅವನು ಓಡಿಬಂದು ತೋಳು ನೀಳವಾಗಿಸಿ ಚೆಂಡು ಹಾಕುವುದಿಲ್ಲ. ನಿಂತಲ್ಲಿಂದಲೇ ಮೊಣಕೈಯನ್ನು ಮಡಿಸಿ, ಭುಜವನ್ನು ತಿರುಚಿ, 60 ಅಡಿ 6 ಅಂಗುಲ ದೂರದ ಗುರಿಗೆ ಬಲವಾಗಿ ಬೀಸಿ ಎಸೆಯುತ್ತಾನೆ. ಪಂದ್ಯದ ಗೆಲುವು-ಸೋಲುಗಳನ್ನು ಒಬ್ಬ ಪಿಚರನ ಹೆಸರಿಗೇ ಬರೆದಿಡುವುದು ಆ ಆಟದ ಸಂಪ್ರದಾಯ. ಒಂಬತ್ತು ಮಂದಿ ಆಡಿದರೂ ಸೋಲು ಒಬ್ಬನ ಖಾತೆಗೆ! ಈ ಲೆಕ್ಕಪದ್ಧತಿಯೇ ಆಮೇಲೆ ಅವನ ಇಡೀ ಬಾಳಿಗೂ ಅನ್ವಯವಾಗುವುದು ವಿಷಾದದ ಸಂಗತಿ.

ಮೊಟ್ಟಮೊದಲ ಡ್ರಾಫ್ಟಿನಲ್ಲಿಯೇ ಇದರ ಪಾಠವಿತ್ತು. 1965ರಲ್ಲಿ ನ್ಯೂಯಾರ್ಕ್ ಮೆಟ್ಸ್ ಕ್ಲಬ್ಬು ಎರಡನೆಯ ಕ್ರಮಾಂಕದಲ್ಲಿ ಲೆಸ್ ರೋರ್ ಎಂಬ ಎಡಗೈ ಪಿಚರನನ್ನು ಆರಿಸಿತು. ಆತ ಮೇಜರ್ ಲೀಗಿನಲ್ಲಿ ಆಡಿದ್ದು ಒಟ್ಟು 6 ಪಂದ್ಯ. ಗೆದ್ದದ್ದು 2, ಸೋತದ್ದು 3. ಅದೇ ಕ್ಲಬ್ಬು ಅದೇ ಡ್ರಾಫ್ಟಿನ 12ನೆಯ ಸುತ್ತಿನಲ್ಲಿ, 295ನೆಯ ಕ್ರಮಾಂಕದಲ್ಲಿ, ಇನ್ನೊಬ್ಬ ಹುಡುಗನನ್ನೂ ತೆಗೆದುಕೊಂಡಿತ್ತು. ಅವನೇ ನೋಲನ್ ರಯಾನ್. 1993ರವರೆಗೆ ಆಡಿದ ಆತ ಬ್ಯಾಟು ಹಿಡಿದವರನ್ನು ಮೂರು ಸ್ಟ್ರೈಕುಗಳಲ್ಲಿ ಔಟು ಮಾಡಿದ್ದು 5,714 ಬಾರಿ; ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಸ್ವಾರಸ್ಯವೆಂದರೆ, ಮೆಟ್ಸ್ ಕ್ಲಬ್ಬು ಅವನನ್ನೂ ಉಳಿಸಿಕೊಳ್ಳಲಿಲ್ಲ. 1971ರ ಡಿಸೆಂಬರಿನಲ್ಲಿ ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು. ಆರಿಸುವವರ ಕಣ್ಣು ಎರಡು ಸಲ ತಪ್ಪಿತು. ಆದರೆ ಎಡವಿದವನೆಂಬ ಹೆಸರು ಉಳಿದದ್ದು ರೋರ್‌ನಿಗೆ.

ಆತುರದ ದುಷ್ಪರಿಣಾಮಕ್ಕೆ ಡೇವಿಡ್ ಕ್ಲೈಡ್‌ನ ಕಥೆಗಿಂತ ಬೇರೆ ನಿದರ್ಶನ ಬೇಕಿಲ್ಲ. ಹ್ಯೂಸ್ಟನ್ ನಗರದ ಶಾಲೆಯೊಂದರಲ್ಲಿ ಕೊನೆಯ ವರ್ಷ ಆಡಿದ 18 ಪಂದ್ಯಗಳನ್ನೂ ಗೆದ್ದುಕೊಟ್ಟ ಆತನನ್ನು 1973ರ ಜೂನಿನಲ್ಲಿ ಟೆಕ್ಸಾಸ್ ರೇಂಜರ್ಸ್ ಕ್ಲಬ್ಬು ಮೊದಲನೆಯ ಕ್ರಮಾಂಕದಲ್ಲಿ ಆರಿಸಿ, 1,25,000 ಡಾಲರುಗಳನ್ನು ಕೊಟ್ಟಿತು. ಹಿಂದಿನ ವರ್ಷ ನೂರು ಪಂದ್ಯಗಳನ್ನು ಸೋತಿದ್ದ ಆ ಕ್ಲಬ್ಬಿನ ಕ್ರೀಡಾಂಗಣ ಬರಿದಾಗಿರುತ್ತಿತ್ತು. ಸಾಮಾನ್ಯವಾಗಿ ಇಂಥ ಹುಡುಗರು ಕೆಳಹಂತದ ಮೈನರ್ ಲೀಗುಗಳಲ್ಲಿ ಕೆಲವು ವರ್ಷ ಪಳಗುತ್ತಾರೆ. ಕ್ಲೈಡ್‌ನನ್ನಾದರೋ ಜೂನ್ 27ರಂದೇ, ಶಾಲೆಯ ಅಂಗಳವನ್ನು ಬಿಟ್ಟು ತಿಂಗಳು ತುಂಬುವ ಮೊದಲೇ, ನೇರವಾಗಿ ಮೇಜರ್ ಲೀಗಿನ ಪಂದ್ಯಕ್ಕೆ ಇಳಿಸಲಾಯಿತು. 35,698 ಜನ ಸೇರಿ ಕ್ರೀಡಾಂಗಣ ಮೊದಲ ಬಾರಿಗೆ ಭರ್ತಿಯಾಯಿತು. ಮೊದಲ ಇಬ್ಬರು ಬ್ಯಾಟುಗಾರರಿಗೆ ಗುರಿ ತಪ್ಪಿ ಎಸೆದ ಹುಡುಗ, ಅನಂತರ ಬಂದ ಮೂವರನ್ನು ಸಾಲಾಗಿ ಔಟು ಮಾಡಿದ, ಪಂದ್ಯವನ್ನೂ ಗೆದ್ದ.

ಆ ಗೆಲುವೇ ಅವನಿಗೆ ಮುಳುವಾಯಿತು. ಎರಡು ಪಂದ್ಯಗಳ ಬಳಿಕ ಅವನನ್ನು ಮೈನರ್ ಲೀಗಿಗೆ ಕಳುಹಿಸಬೇಕೆಂಬ ಏರ್ಪಾಡಿತ್ತು. ಆದರೆ ಟಿಕೆಟ್ಟಿನ ಗಲ್ಲಾಪೆಟ್ಟಿಗೆ ತುಂಬುತ್ತಿರುವಾಗ ಮಾಲೀಕರಿಗೆ ಆ ಏರ್ಪಾಡು ನೆನಪಾಗಲಿಲ್ಲ. ಆ ಋತುವಿನಲ್ಲಿ ಆತ ಗೆದ್ದದ್ದು 4, ಸೋತದ್ದು 8. ಮುಂದೆ ಭುಜದ ನೋವು, ಶಸ್ತ್ರಚಿಕಿತ್ಸೆ, ತಂಡದ ಬದಲಾವಣೆ. 1979ರಲ್ಲಿ, 24ರ ವಯಸ್ಸಿಗೇ, ಮೇಜರ್ ಲೀಗಿನಲ್ಲಿ ಆತನ ಆಟ ಮುಗಿದುಹೋಯಿತು. ಒಟ್ಟು ಗೆಲುವು 18, ಸೋಲು 33. ಶಾಲೆಯಲ್ಲಿ ಒಂದೇ ವರ್ಷದಲ್ಲಿ ಗಳಿಸಿದಷ್ಟು ಗೆಲುವು ದೊಡ್ಡವರ ನಡುವೆ ಇಡೀ ಆಯುಷ್ಯಕ್ಕೆ! ಈ 33 ಸೋಲುಗಳಲ್ಲಿ ಕೆಲವನ್ನಾದರೂ ಮಾಲೀಕರ ಖಾತೆಗೆ ಬರೆಯಬೇಡವೇ?

ಶಾಲೆಯಿಂದ ನೇರವಾಗಿ ಬಂದು ಪ್ರಥಮ ಕ್ರಮಾಂಕ ಪಡೆದ ಪಿಚರರು 2025ರವರೆಗೆ ಮೂವರೇ. ಎರಡನೆಯವ ಉತ್ತರ ಕ್ಯಾರೊಲೈನದ ಬ್ರಯನ್ ಟೇಲರ್. ಬಡಕುಟುಂಬದ ಈ ಹುಡುಗನಿಗೆ ನ್ಯೂಯಾರ್ಕ್ ಯಾಂಕೀಸ್ ಕ್ಲಬ್ಬು 1991ರಲ್ಲಿ ಕೊಟ್ಟ 15 ಲಕ್ಷ 50 ಸಾವಿರ ಡಾಲರು ಆ ಕಾಲಕ್ಕೆ ದಾಖಲೆಯ ಮೊತ್ತ. 1993ರ ಡಿಸೆಂಬರಿನಲ್ಲಿ, ತಮ್ಮ ಊರಿನಲ್ಲಿ ಸಹೋದರನ ಪರವಾಗಿ ನಿಂತು ಜಗಳವೊಂದರಲ್ಲಿ ಸಿಲುಕಿದ ಆತನ ಎಡಭುಜ ಜಖಂಗೊಂಡಿತು. ಹಿಂದಿನ ವೇಗ ಮರಳಲೇ ಇಲ್ಲ. ಮೂರನೆಯವ 2014ರ ಬ್ರೇಡಿ ಏಕೆನ್. ವೈದ್ಯಪರೀಕ್ಷೆಯ ಬಳಿಕ ಮೊಣಕೈಯ ವಿಷಯದಲ್ಲಿ ಶಂಕೆಗೊಂಡ ಕ್ಲಬ್ಬು ಒಪ್ಪಿದ ಮೊತ್ತವನ್ನು ತಗ್ಗಿಸಿದ್ದರಿಂದ ಕರಾರು ಮುರಿಯಿತು. ಮರುವರ್ಷವೇ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಟೇಲರನೂ ಏಕೆನನೂ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಕೋಟಿಗಟ್ಟಲೆ ಹಣ ತೊಡಗಿಸುವ ಕ್ಲಬ್ಬು ಫಲವನ್ನು ನಿರೀಕ್ಷಿಸುವುದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಹಣ ಪಡೆದ ತರುಣನಿಗೂ ಹೊಣೆಯಿದೆ. ಎಚ್ಚರಿಕೆಯಿಂದ ಸಾಕಿದರೂ ಎಲ್ಲರೂ ಉಳಿದಾರೆಂಬ ಭರವಸೆಯಿಲ್ಲವೆಂಬುದೂ ನಿಜ. 2009ರ ಪ್ರಥಮ ಕ್ರಮಾಂಕದ ಸ್ಟೀಫನ್ ಸ್ಟ್ರಾಸ್‌ಬರ್ಗ್ ಮರುವರ್ಷ ತನ್ನ ಮೊದಲ ಪಂದ್ಯದಲ್ಲಿಯೇ 14 ಜನರನ್ನು ಸ್ಟ್ರೈಕುಗಳಲ್ಲಿ ಔಟು ಮಾಡಿ, ಅದೇ ವರ್ಷ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ. 2012ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಕ್ಲಬ್ಬು ಆತನ ತೋಳನ್ನು ಕಾಪಾಡಲೆಂದು ಋತು ಮುಗಿಯುವ ಮೊದಲೇ ಆಟ ನಿಲ್ಲಿಸಿತು. ಆ ತಾಳ್ಮೆ 2019ರ ವರ್ಲ್ಡ್ ಸೀರೀಸ್ ವಿಜಯದಲ್ಲಿ ಫಲ ಕೊಟ್ಟಿತು. ಆ ಸರಣಿಯ ಶ್ರೇಷ್ಠ ಆಟಗಾರ ಆತನೇ. ಆದರೆ ಅನಂತರ ಗಾಯಗಳ ದೆಸೆಯಿಂದ ಆಡಲಾದದ್ದು 8 ಪಂದ್ಯ ಮಾತ್ರ, 2024ರಲ್ಲಿ ನಿವೃತ್ತನಾದ. ಮೊಣಕೈಯ ಎಲುಬುಗಳನ್ನು ಬಿಗಿದಿರುವ ಸಣ್ಣ ಅಸ್ಥಿಬಂಧವೊಂದು ಹರಿದರೆ ಎಷ್ಟು ಹಣವಿದ್ದೂ ಏನು? 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರನಿಗೆ ಆ ಅಸ್ಥಿಬಂಧವನ್ನು ಹೊಸದಾಗಿ ಕಟ್ಟಿಕೊಟ್ಟ ಮೇಲೆ ಅನೇಕರ ಬಾಳು ಉಳಿದಿದೆಯಾದರೂ, ವೇಗದ ವ್ಯಾಮೋಹ ಗಾಯಗಳನ್ನು ಹೆಚ್ಚಿಸುತ್ತಲೇ ಇದೆ. 17-18ರ ಹುಡುಗರು ದಿನಕ್ಕೆ 105ಕ್ಕಿಂತ ಹೆಚ್ಚು ಎಸೆಯಬಾರದೆಂಬ ಮಾರ್ಗಸೂಚಿ ಬಂದದ್ದೂ ತಡವಾಗಿಯೇ.

ಆದುದರಿಂದ ವಾದವಿರುವುದು ಆಯ್ಕೆಯ ವಿರುದ್ಧವಲ್ಲ, ಆಯ್ಕೆಯನ್ನೇ ತೀರ್ಪೆಂದು ತಿಳಿಯುವ ಭ್ರಮೆಯ ವಿರುದ್ಧ. ಡ್ರಾಫ್ಟ್ ಇನ್ನೂ ಇಲ್ಲದಿದ್ದ ಕಾಲದಲ್ಲಿ, 1955ರಿಂದ 1960ರವರೆಗೆ, ಸ್ಯಾಂಡಿ ಕೂಫ್ಯಾಕ್ಸ್ ಗೆದ್ದದ್ದು 36, ಸೋತದ್ದು 40. ಆರು ವರ್ಷಗಳ ಬಳಿಕ ಅವನನ್ನು ಕೈಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮುಂದಿನ ಆರು ವರ್ಷಗಳಲ್ಲಿ ಆತ 129 ಗೆದ್ದು 47 ಮಾತ್ರ ಸೋತ. 2013ರ ಪ್ರಥಮ ಕ್ರಮಾಂಕದ ಮಾರ್ಕ್ ಏಪಲ್ 2018ರಲ್ಲಿ ಆಟವನ್ನೇ ತೊರೆದು, 2021ರಲ್ಲಿ ಮರಳಿ ಬಂದು, 2022ರ ಜೂನಿನಲ್ಲಿ ತನ್ನ 30ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮೇಜರ್ ಲೀಗಿನಲ್ಲಿ ಚೆಂಡೆಸೆದ. ದಾಖಲೆಗಳ ದೃಷ್ಟಿಯಿಂದ ಅದು ಅಲ್ಪ ಸಾಧನೆಯೇ ಇರಬಹುದು. ಮನುಷ್ಯನ ದೃಷ್ಟಿಯಿಂದ ಅಲ್ಲ.

ಕ್ರಮಾಂಕವೆಂಬುದು ಒಂದು ದಿನದಂದು ಇತರರು ಮಾಡಿದ ಅಂದಾಜು. ಅದು ತಪ್ಪಿದರೆ ಅಂದಾಜು ಮಾಡಿದವರೂ ಉತ್ತರಿಸಬೇಕು. ಎಳೆಯರ ಭವಿಷ್ಯವನ್ನು ಅಳೆದು ಅಂಕ ಕೊಡುವ ಅಧಿಕಾರ ಪಡೆದವರೆಲ್ಲರೂ, ಅವರು ಕ್ಲಬ್ಬಿನ ಒಡೆಯರಾಗಿರಲಿ ಶಾಲೆಯ ಗುರುಗಳಾಗಿರಲಿ, ಅಳತೆಗೋಲಿನ ಜೊತೆಗೆ ಕಾಯುವ ವ್ಯವಧಾನವನ್ನೂ ಇಟ್ಟುಕೊಳ್ಳಬೇಕು. ಹೊಗಳಿಕೆಯ ಭಾರವನ್ನು ಹೊರುವಷ್ಟು ಭುಜ ಬಲಿಯುವವರೆಗೆ ಆ ಭಾರವನ್ನು ತಾವೇ ಹೊತ್ತಿರುವುದು ಹಿರಿಯರಾದವರ ಕರ್ತವ್ಯ.